ಹಿತ್ತಿಲಿನಿಂದ ಹಳ್ಳಕ್ಕೆ: ಎರಡು ಸಲ ಕಟ್ಟಿದ ಧರೆ

ಸಿದ್ದಾಪುರ ತಾಲ್ಲೂಕಿನ ನಮ್ಮ ಮನೆ ಹಳ್ಳಕ್ಕೆ ಬೆನ್ನು ಹಾಕಿ ಕೂತಿದೆ. ಎದುರಿಗೆ ಅಂಗಳ, ಹಿಂದೆ ಕೊಟ್ಟಿಗೆ ಮತ್ತು ಹಿತ್ತಿಲು. ಹಿತ್ತಿಲಿನಲ್ಲಿ 140 ಅಡಿ ನಡೆದರೆ ಧರೆ, ಅಂದರೆ ಕಡಿದಾದ ಮಣ್ಣಿನ ದಡ. ಧರೆಯಿಂದ 14 ಅಡಿ ಕೆಳಗೆ ಹಳ್ಳ. ಈ ನೀರು ಮುಂದೆ ಹೋಗಿ ಅಘನಾಶಿನಿಯನ್ನು ಸೇರುತ್ತದೆ. ಪಂಪು ಇರುವುದು ಈಚೆ ದಡದಲ್ಲಿ, ಅಡಕೆ ತೋಟ ಇರುವುದು ಆಚೆ ದಡದಲ್ಲಿ. ಹಾಗಾಗಿ ದಿನಕ್ಕೆ ನಾಲ್ಕು ಸಲವಾದರೂ ಧರೆ ಇಳಿದು ಹತ್ತಬೇಕು.

ಅಪ್ಪಯ್ಯನ ಕಾಲದಲ್ಲಿ ಇಳಿಯಲು ಇದ್ದದ್ದು ಮಣ್ಣು ಕಡಿದು ಮಾಡಿದ ಮೆಟ್ಟಿಲು. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಗುದ್ದಲಿ ಹಿಡಿದು ಎರಡು ದಿನ ಕೆಲಸ ಮಾಡಿದರೆ ಮತ್ತೆ ಮೆಟ್ಟಿಲು ತಯಾರು. 2019ರ ಆಗಸ್ಟ್ ನೆರೆಗೆ ಧರೆಯ ಅಂಚೇ ಹೋಯಿತು. ಆಮೇಲೆ ಹಗ್ಗ ಹಿಡಿದು ಇಳಿಯುತ್ತಿದ್ದೆವು. ಆಯಿಗೆ, ಅಂದರೆ ಅಮ್ಮನಿಗೆ, ಈಗ 71 ವರ್ಷ. ಹಗ್ಗ ಹಿಡಿದು ಇಳಿಯಬೇಡ ಎಂದು ಹೇಳುವುದು ಸುಲಭ, ಅವಳು ಕೇಳಬೇಕಲ್ಲ. ಹಳ್ಳದ ನೀರಿನಲ್ಲಿ ಒಗೆಯದ ಬಟ್ಟೆಯನ್ನು ಅವಳು ಬಟ್ಟೆ ಎಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಾಡಬೇಕಾದದ್ದು ಮೂರು ಕೆಲಸ: ಧರೆ ಕುಸಿಯದಂತೆ 24 ಅಡಿ ಉದ್ದದ ಪಿಚ್ಚಿಂಗ್ (ಕಲ್ಲಿನ ತಡೆಗೋಡೆ), ಅದರ ಪಕ್ಕದಲ್ಲಿ ಮೆಟ್ಟಿಲು, ಹಳ್ಳ ದಾಟಲು ಒಂದು ಕಾಲುಸಂಕ. ಮೂರನ್ನೂ ಒಂದು ಸಲ ಮಾಡಿ ಕಳೆದುಕೊಂಡೆ, ಎರಡನೆಯ ಸಲ ಮಾಡಿದೆ. ಲೆಕ್ಕದ ಪುಸ್ತಕ ಮತ್ತು ಮೊಬೈಲಿನ ಫೋಟೊಗಳನ್ನು ನೋಡಿಕೊಂಡು ಬರೆಯುತ್ತಿದ್ದೇನೆ.

ಡಿಸೆಂಬರ್ 2023: ಅಳತೆ

ಮೊದಲು ಪಹಣಿ ಮತ್ತು ನಕಾಶೆ ತೆಗೆಸಿದೆ. ಎರಡೂ ದಡ ನಮ್ಮದೇ ಆದರೂ ನಡುವಿನ ಹಳ್ಳ ‘ಬ’ ಖರಾಬು, ಅಂದರೆ ಸರ್ಕಾರದ್ದು. ಆದ್ದರಿಂದ ಗೋಡೆಯನ್ನು ಗಡಿಯಿಂದ 2 ಅಡಿ ನಮ್ಮ ಕಡೆಗೇ ಕಟ್ಟುವುದು, ಹಳ್ಳದ ಒಳಗೆ ಕಾಂಕ್ರೀಟು ಹಾಕದಿರುವುದು ಎಂದು ತೀರ್ಮಾನಿಸಿದೆ. ಈ ಇಡೀ ಕತೆಯಲ್ಲಿ ಮೊದಲ ಸಲಕ್ಕೇ ಸರಿಯಾಗಿ ಮಾಡಿದ ಕೆಲಸ ಇದೊಂದೇ.

ನೆರೆಯ ಮಟ್ಟವನ್ನು ಅಂದಾಜಿನಲ್ಲಿ ಹಿಡಿದೆ. ದಡದ ವಾಟೆ ಹಿಂಡಿಲಿನಲ್ಲಿ ಸಿಕ್ಕಿಕೊಂಡಿದ್ದ ಕಸಕಡ್ಡಿ ನೋಡಿ, ನೀರು 4 ಅಡಿ ಬರುತ್ತದೆ ಎಂದುಕೊಂಡೆ. ಅದು ಆ ವರ್ಷದ ಕಸ. 2023ರಲ್ಲಿ ಮಳೆಯೇ ಕಡಿಮೆ ಎಂಬುದು ನೆನಪಾಗಲಿಲ್ಲ.

ಜನವರಿ–ಫೆಬ್ರವರಿ 2024: ಮೊದಲ ಕಟ್ಟಣೆ

320 ಚಿರೆಕಲ್ಲು (ಜಂಬಿಟ್ಟಿಗೆ ಕಲ್ಲು) ತರಿಸಿದೆ. ಲಾರಿ ಅಂಗಳದವರೆಗೆ ಮಾತ್ರ ಬರುತ್ತದೆ, ಅಲ್ಲಿಂದ ಎಲ್ಲವೂ ತಲೆಹೊರೆ. ಪೇಟೆಯ ಕಡೆಯಿಂದ ಬಂದ ಮೇಸ್ತ್ರಿ ಮನೆ ಗೋಡೆ ಕಟ್ಟುವುದರಲ್ಲಿ ಪಳಗಿದವನು. ಒಂದು ಅಡಿ ಪಾಯ ತೆಗೆದು, ಕಲ್ಲಿನ ಉದ್ದದ ಮುಖ ಹೊರಗೆ ಕಾಣುವಂತೆ ಸಾಲಾಗಿ ಇಟ್ಟು, ಸಿಮೆಂಟಿನಲ್ಲಿ 5 ಅಡಿ ಎತ್ತರ ಏರಿಸಿದ. ತೂಗುಗುಂಡು ಬಿಟ್ಟು ನೋಡಿದರೆ ಒಂದು ನೂಲೂ ಆಚೀಚೆ ಇಲ್ಲ. ಸಂದುಗಳಿಗೆಲ್ಲ ಸಿಮೆಂಟು ಬಳಿದು ನಯ ಮಾಡಿ, ‘ಒಂದು ಇರುವೆ ಹೋಗಲಿ ನೋಡೋಣ’ ಎಂದ. ನನಗೆ ಭಾರಿ ಹೆಮ್ಮೆಯಾಯಿತು.

ಮೆಟ್ಟಿಲು 19. ಒಂದೊಂದು 9 ಅಂಗುಲ ಎತ್ತರ, 10 ಅಂಗುಲ ಅಗಲ. ಕಲ್ಲನ್ನು ಕಡಿಯದೆ ಕೂರಿಸಲು 9 ಅಂಗುಲ ಅನುಕೂಲ ಎಂಬುದು ಬಿಟ್ಟರೆ ಆ ಅಳತೆಗೆ ಬೇರೆ ಕಾರಣವಿರಲಿಲ್ಲ. ಆಯಿ ಒಂದು ಸಲ ಇಳಿದು ಹತ್ತಿ ಬಂದು, ‘ಅಟ್ಟ ಹತ್ತಿದ ಹಾಗಾಯಿತು’ ಎಂದಷ್ಟೇ ಹೇಳಿದಳು. ಅದನ್ನು ಮೆಚ್ಚುಗೆಯೆಂದು ತಿಳಿದುಕೊಂಡೆ.

ಸಂಕಕ್ಕೆ ತೋಟದಲ್ಲೇ ಒಣಗಿ ನಿಂತಿದ್ದ ನಾಲ್ಕು ಅಡಕೆ ಮರ ಕಡಿದು ಹಾಕಿ, ಮೇಲೆ ದಬ್ಬೆ (ಸೀಳಿದ ಅಡಕೆ ಮರದ ಪಟ್ಟಿ) ಬಡಿದೆವು. ಹಳ್ಳದ ತಳದಿಂದ ನಾಲ್ಕೂವರೆ ಅಡಿ ಎತ್ತರ. ಎರಡು ದಿನದ ಕೆಲಸ, ಖರ್ಚು ಮೊಳೆಯದ್ದು ಮಾತ್ರ.

ಜುಲೈ 2024

ಆರಿದ್ರೆಯಲ್ಲಿ ಏನೂ ಆಗಲಿಲ್ಲ. ಪುನರ್ವಸು ಹಿಡಿದ ಮೇಲೆ ಮಳೆ ಬಿಡಲಿಲ್ಲ.

ಜುಲೈ 8ರ ಬೆಳಿಗ್ಗೆ ಪಂಪು ನೋಡಲು ಇಳಿದಾಗ ಗೋಡೆಯ ನಡುವೆ ಏನೋ ಬೇರೆ ರೀತಿ ಕಂಡಿತು. ದಾರ ಕಟ್ಟಿ ನೋಡಿದೆ, ಗೋಡೆ ಹೊಟ್ಟೆ ಬಿಟ್ಟಿತ್ತು: ತಳದಿಂದ 2 ಅಡಿ ಎತ್ತರದಲ್ಲಿ ಒಂದು ಅಂಗುಲ. 13ರಂದು ಎರಡೂವರೆ ಅಂಗುಲ. ಮೇಸ್ತ್ರಿಗೆ ಫೋನು ಮಾಡಿದರೆ ‘ಮಳೆ ಮುಗಿಯಲಿ, ನೋಡೋಣ’ ಎಂದ. 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದ ಸುದ್ದಿ ಬಂತು. ಅಂದು ರಾತ್ರಿ ನಮ್ಮಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ.

17ರಂದು ಮಧ್ಯಾಹ್ನ ಗೋಡೆಗೆ ತೂತು ಹೊಡೆಯುವುದೆಂದು ಹೊರಟೆ. ಡ್ರಿಲ್ ಯಂತ್ರ ಇತ್ತು, ವಿದ್ಯುತ್ ಹೋಗಿ ಮೂರು ದಿನವಾಗಿತ್ತು. ಉಳಿ, ಸುತ್ತಿಗೆ ಹಿಡಿದು, ಕಂಬಳಿಕೊಪ್ಪೆ ಹೊದ್ದು, ತಳದಿಂದ ಒಂದು ಅಡಿ ಮೇಲೆ ಸಂದು ಹುಡುಕಿ ಕಡಿಯತೊಡಗಿದೆ. ಉಂಬಳ (ಜಿಗಣೆ) ಕಾಲೇರುತ್ತಿದ್ದರೂ ತೆಗೆಯಲು ಪುರುಸೊತ್ತಿರಲಿಲ್ಲ. ಅರ್ಧ ಗಂಟೆಯಾದ ಮೇಲೆ ಉಳಿ ಸರಕ್ಕನೆ ಒಳಗೆ ಹೋಯಿತು. ಎಳೆದ ಕೂಡಲೇ ಕೆಂಪು ನೀರು ಪಿಚಕಾರಿಯ ಹಾಗೆ ಮುಖಕ್ಕೆ ಹೊಡೆಯಿತು. ಬೆರಳು ದಪ್ಪದ ಧಾರೆ, 3 ಅಡಿ ದೂರಕ್ಕೆ ಚಿಮ್ಮುತ್ತಿತ್ತು. ಇನ್ನೊಂದು ತೂತು ಹೊಡೆದೆ, ಅಲ್ಲೂ ಹಾಗೆಯೇ. ಆಗ ಗೊತ್ತಾಯಿತು, ಗೋಡೆಯ ಬೆನ್ನಿಗೆ ಮಣ್ಣು ಮಾತ್ರ ಇಲ್ಲ, ಒಂದು ಕೆರೆಯೇ ಇದೆ. ಇರುವೆಗೂ ದಾರಿ ಬಿಡದ ಗೋಡೆ ನೀರಿಗೆ ಎಲ್ಲಿಂದ ದಾರಿ ಬಿಡಬೇಕು? ನಾಲ್ಕನೆಯ ತೂತಿಗೆ ಉಳಿ ಇಟ್ಟಾಗ ಮೇಲಿನ ಸಾಲಿನಲ್ಲಿ ‘ಟಕ್’ ಎಂದು ಸದ್ದಾಯಿತು. ಅಷ್ಟಕ್ಕೇ ಉಪಕರಣ ಬಿಟ್ಟು ಓಡಿ ಮೇಲೆ ಬಂದೆ. ಹೊಟ್ಟೆ ಬಿಟ್ಟ ಗೋಡೆಯ ಕೆಳಗೆ ಕೂತು ಅದಕ್ಕೆ ತೂತು ಹೊಡೆದದ್ದು ಶುದ್ಧ ಮೂರ್ಖತನ. ಯಾರೂ ಮಾಡಬೇಡಿ.

18ರ ನಸುಕಿನ 4 ಗಂಟೆಗೆ ಬಿತ್ತು. ಬೆಳಕು ಹರಿದ ಮೇಲೆ ನೋಡಿದರೆ 24 ಅಡಿಯಲ್ಲಿ 17 ಅಡಿ ಹಳ್ಳದಲ್ಲಿತ್ತು, ಜೊತೆಗೆ ಕೆಳಗಿನ 7 ಮೆಟ್ಟಿಲು. ಉಳಿದ ಗೋಡೆಯ ಬುಡವನ್ನು ಹಳ್ಳ ಕೊರೆದು, ಪಾಯದ ಅಡಿಯಲ್ಲಿ ಕೈ ಹಾಕಿ ಆಚೆಯಿಂದ ತೆಗೆಯಬಹುದಾದಷ್ಟು ಟೊಳ್ಳಾಗಿತ್ತು. ಸಂಕದ ಸುಳಿವೇ ಇರಲಿಲ್ಲ. ಮೇಲಿನಿಂದ ತೇಲಿಬಂದ ಮರದ ದಿಮ್ಮಿ ಬಡಿದಿರಬೇಕು. ಅದರ ಒಂದು ತುಂಡು ಅಕ್ಟೋಬರಿನಲ್ಲಿ ಅರ್ಧ ಮೈಲಿ ಕೆಳಗಿನವರ ಗದ್ದೆಯಲ್ಲಿ ಸಿಕ್ಕಿತು.

ಸೆಪ್ಟೆಂಬರ್ 2024: ನೀರು ಬಂದದ್ದು ಎಲ್ಲಿಂದ

ಅಕ್ಕಪಕ್ಕದವರ ಧರೆಗಳೆಲ್ಲ ನಿಂತಿದ್ದವು. ನಮ್ಮದಕ್ಕೆ ಮಾತ್ರ ಅಷ್ಟು ನೀರು ಬಂದದ್ದು ಹೇಗೆ ಎಂದು ತಿಳಿಯಲಿಲ್ಲ. ಮೇಲಿನಮನೆ ಭಾವ ತಮಗೆ ಗೊತ್ತಿದ್ದ ಒಬ್ಬ ಹಳೆಯ ಮೇಸ್ತ್ರಿಯನ್ನು ಕರೆತಂದರು. ವಯಸ್ಸು 60 ದಾಟಿದೆ, ಜೀವಮಾನವಿಡೀ ಗದ್ದೆಯ ಏರಿ, ತೋಟದ ಧರೆ ಕಟ್ಟಿದವರು. ಅವರು ಬಿದ್ದ ಗೋಡೆಯ ಹತ್ತಿರ ಹೋಗಲೇ ಇಲ್ಲ. ಕೊಟ್ಟಿಗೆಯ ಹಿಂದೆ, ನಾನು ಕಾರು ನಿಲ್ಲಿಸುವ ಜಾಗದಲ್ಲಿ ನಿಂತು, ಕಾಲಿನಿಂದ ನೆಲ ಒತ್ತಿ ನೋಡಿದರು.

‘ಹೆಗಡೆಯವರೇ, ಇಲ್ಲೊಂದು ಅಗಳ ಇತ್ತಲ್ಲ?’

ಇತ್ತು. ಅಜ್ಜನ ಕಾಲದ್ದು, ಒಂದೂವರೆ ಅಡಿ ಅಗಲ, 2 ಅಡಿ ಆಳ. ಅಂಗಳದ ನೀರು, ಕೊಟ್ಟಿಗೆ ಮಾಡಿನ ನೀರು, ಮೇಲಿನ ಬೆಟ್ಟದಿಂದ ಇಳಿಯುವ ನೀರು, ಎಲ್ಲವನ್ನೂ ಹಿಡಿದು ಧರೆಯಿಂದ 60 ಅಡಿ ಆಚೆಗೆ ಹಳ್ಳಕ್ಕೆ ಬಿಡುತ್ತಿತ್ತು. 2022ರಲ್ಲಿ ಕಾರು ತಿರುಗಿಸಲು ಜಾಗ ಸಾಲದು ಎಂದು ನಾನೇ ಮಣ್ಣು ತುಂಬಿಸಿ ಮುಚ್ಚಿದ್ದೆ. ಬಾಯಿ ಬಿಟ್ಟು ಹೇಳುವ ಮೊದಲೇ ಜಗಲಿಯಿಂದ ಆಯಿ, ‘ಮುಚ್ಚಿದ ದಿನವೇ ಹೇಳಿದ್ದೆ’ ಎಂದಳು. ಹೇಳಿದ್ದಳು. ಆ ದಿನ ನಾನು ಕಾರಿನ ಅಳತೆ ಹಿಡಿಯುವುದರಲ್ಲಿದ್ದೆ.

ಅಂದರೆ ನಾನು ಕಟ್ಟಿದ್ದು ಧರೆಯನ್ನಲ್ಲ, ನೀರನ್ನು. ಪೇಟೆಯ ಮೇಸ್ತ್ರಿಯನ್ನು ಎರಡು ತಿಂಗಳು ಬೈದುಕೊಂಡಿದ್ದೆ. ನೀರುಕಂಡಿ ಬಿಡದ್ದು ಅವನ ತಪ್ಪು ಹೌದು, ಆದರೆ ಅಗಳ ಇದ್ದಿದ್ದರೆ ಆ ಗೋಡೆಯೂ ಒಂದೆರಡು ಮಳೆಗಾಲ ನಿಲ್ಲುತ್ತಿತ್ತೋ ಏನೋ.

ನವೆಂಬರಿನಲ್ಲಿ ಮೊದಲು ಮಾಡಿದ್ದು ಆ ಅಗಳವನ್ನು ಮತ್ತೆ ತೆಗೆದದ್ದು. ಉದ್ದ 85 ಅಡಿ, ಮೂರು ಜನ, ನಾಲ್ಕು ದಿನ. ತುಂಬಿಸಲು ಟ್ರ್ಯಾಕ್ಟರಿಗೆ ಎಷ್ಟು ಕೊಟ್ಟಿದ್ದೆನೋ ತೆಗೆಯಲು ಅದರ ಎರಡರಷ್ಟು ಕೊಟ್ಟೆ. ಕಾರು ಈಗ ಅಂಗಳದ ಅಂಚಿನಲ್ಲಿ, ಮುಖ ಮನೆಯ ಕಡೆಗೆ ಮಾಡಿ ನಿಲ್ಲುತ್ತದೆ. ಹೊರಡುವಾಗ ಹಿಂದೆ ಹಿಂದೆ ದಣಪೆಯವರೆಗೆ (ಬೇಲಿಯ ಗೇಟಿನವರೆಗೆ) ಹೋಗಬೇಕು.

ಜನವರಿ–ಮಾರ್ಚ್ 2025: ಎರಡನೆಯ ಕಟ್ಟಣೆ

ಈ ಸಲ ಸಿಮೆಂಟ್ ಇಲ್ಲ. ಕಲ್ಲಿನ ಮೇಲೆ ಕಲ್ಲು. ಹಳ್ಳದಿಂದ ಹೆಕ್ಕಿದ ಚಿರೆಕಲ್ಲಿನಲ್ಲಿ ಸುಮಾರು 200 ಉಪಯೋಗಕ್ಕೆ ಬಂದವು. ಜೊತೆಗೆ 4 ಟ್ರ್ಯಾಕ್ಟರ್ ಕಾಡುಕಲ್ಲು. ನೀರು ತಾಗುವ ಎತ್ತರದವರೆಗೆ ಕಾಡುಕಲ್ಲೇ, ಚಿರೆಕಲ್ಲು ಮೇಲೆ ಮಾತ್ರ. ವರ್ಷವಿಡೀ ನೀರು ಉಜ್ಜುವಲ್ಲಿ ಮೆತ್ತನೆಯ ಚಿರೆಕಲ್ಲು ಸೋಪಿನಂತೆ ಸವೆಯುತ್ತದೆ ಎಂಬುದನ್ನು ಬಿದ್ದ ಕಲ್ಲುಗಳೇ ತೋರಿಸಿದ್ದವು.

ಪಾಯ ಎರಡೂವರೆ ಅಡಿ, ಹಾರೆ ಹಾಕಿದರೆ ‘ಠಣ್’ ಎನ್ನುವ ಗಟ್ಟಿ ಪದರ ಸಿಗುವವರೆಗೆ. ನಡುವೆ 6 ಅಡಿ ಜಾಗದಲ್ಲಿ ಅಷ್ಟು ಆಳಕ್ಕೂ ಗಟ್ಟಿ ಸಿಗಲಿಲ್ಲ, ಅಲ್ಲಿ ಇನ್ನೂ ಒಂದು ಅಡಿ ಇಳಿದೆವು. ಹಳ್ಳದ ಒರತೆ ಪಾಯಕ್ಕೆ ಬರುತ್ತಲೇ ಇತ್ತು. ಬಾಡಿಗೆ ಪಂಪಿಗೆ ಬದಲು ಬಕೇಟಿನಲ್ಲಿ ತೋಡಲು ಹೋಗಿ ಒಂದು ದಿನ ಪೂರ್ತಿ ವ್ಯರ್ಥವಾಯಿತು.

ಗೋಡೆ ತಳದಲ್ಲಿ ಎರಡೂವರೆ ಅಡಿ, ತಲೆಯಲ್ಲಿ ಒಂದೂವರೆ ಅಡಿ ದಪ್ಪ. 5 ಅಡಿ ಏರುವಷ್ಟರಲ್ಲಿ ಮುಖ 10 ಅಂಗುಲ ಧರೆಯ ಕಡೆಗೆ ವಾಲಿರಬೇಕು. ಅದಕ್ಕೆಂದು ಎರಡು ತುದಿಗೂ ಬಿದಿರಿನ ಓರೆ ಚೌಕಟ್ಟು ನಿಲ್ಲಿಸಿ ದಾರ ಕಟ್ಟಿದೆವು. ತೂಗುಗುಂಡು ಮನೆಯಲ್ಲೇ ಉಳಿಯಿತು.

ಮೇಸ್ತ್ರಿ ಕಲ್ಲು ಇಡುವುದನ್ನು ನೋಡುತ್ತಾ ನಾನು ಕಲಿತದ್ದೆಂದರೆ, ನೋಡಲು ಚೆಂದದ ಮುಖ ಹೊರಗೆ ಬರಬಾರದು, ಉದ್ದದ ಬದಿ ಒಳಗೆ ಹೋಗಬೇಕು. ಹೊರಗಿನಿಂದ ಕಲ್ಲು ಸಣ್ಣದಾಗಿ ಕಾಣುತ್ತದೆ, ಬಾಲ ಮಣ್ಣಿನ ಕಡೆಗೆ ಇರುತ್ತದೆ. ಒಂದು ಕಲ್ಲು ಎರಡರ ಮೇಲೆ ಕೂರಬೇಕು, ಸಂದಿನ ಮೇಲೆ ಸಂದು ಬರಬಾರದು. ಇಟ್ಟ ಮೇಲೆ ಅವರು ಹಾರೆಯ ತುದಿಯಿಂದ ಕಲ್ಲಿನ ನಾಲ್ಕು ಮೂಲೆಗೂ ಒಂದೊಂದು ಸಲ ತಟ್ಟಿ ಕಿವಿಗೊಡುತ್ತಿದ್ದರು. ಮೂರು ಮೂಲೆಯಲ್ಲಿ ಒಂದು ಸದ್ದು, ನಾಲ್ಕನೆಯದರಲ್ಲಿ ಬೇರೆ ಸದ್ದು ಬಂದರೆ ಕಲ್ಲು ಎತ್ತಿ, ತಿರುಗಿಸಿ, ಮತ್ತೆ ಇಡುತ್ತಿದ್ದರು. ಅಡಿಯಲ್ಲಿ ಚಕ್ಕೆ ತುರುಕಿ ಸರಿಮಾಡಬಹುದಲ್ಲ ಎಂದು ನಾನು ಕೇಳಿದೆ. ‘ಹೊರಗಿನಿಂದ ತುರುಕಿದ ಚಕ್ಕೆ ಒಂದು ಮಳೆಗೆ ಜಾರಿ ಬೀಳುತ್ತದೆ. ಇಡುವುದಾದರೆ ಒಳಗಿನಿಂದ ಇಡಿ’ ಎಂದರು. ಒಂದು ದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅವರು ಕೂರಿಸಿದ್ದು ಒಂಬತ್ತು ಕಲ್ಲು. ಕೂಲಿ ಲೆಕ್ಕ ಹಾಕಿ ನನಗೆ ಹೊಟ್ಟೆ ಉರಿಯಿತು, ನಿಜ.

ಗೋಡೆಯ ಬೆನ್ನಿಗೆ ಒಂದು ಅಡಿ ದಪ್ಪ ಜಲ್ಲಿ ಮತ್ತು ಕಲ್ಲುಚಕ್ಕೆ, ಅದರ ಹಿಂದೆ ಮಣ್ಣು. ಅರ್ಧ ಅಡಿಗೊಮ್ಮೆ ದಿಮ್ಮಸು ಹೊಡೆದು ಕೂರಿಸಿದ್ದು. ಜಲ್ಲಿಯನ್ನು ಕೊನೆಯ 10 ಅಂಗುಲಕ್ಕೆ ನಿಲ್ಲಿಸಿ ಮೇಲೆ ಮಣ್ಣು ಮುಚ್ಚಿದ್ದೇವೆ, ಮೇಲ್ನೀರು ನೇರ ಒಳಗೆ ಇಳಿಯದಿರಲಿ ಎಂದು.

ಮೆಟ್ಟಿಲಿಗೆ ಈ ಸಲ ಆಯಿಯ ಮೊಣಕಾಲೇ ಅಳತೆ. ಕೊಟ್ಟಿಗೆಯ ಹತ್ತಿರ ಬೇರೆ ಬೇರೆ ದಪ್ಪಕ್ಕೆ ಹಲಗೆ ಜೋಡಿಸಿ ಅವಳಿಂದ ಹತ್ತಿಸಿ ನೋಡಿದೆ. ಆರೂವರೆ ಅಂಗುಲಕ್ಕೆ ಗೋಡೆ ಹಿಡಿಯದೆ ಹತ್ತಿದಳು. ಹಾಗಾಗಿ 26 ಮೆಟ್ಟಿಲು, 14 ಅಂಗುಲ ಅಗಲ. ನೇರ ಇಳಿಸಲು ಜಾಗ ಸಾಲದೆ 13ನೆಯ ಮೆಟ್ಟಿಲಿನ ನಂತರ ಒಂದು ತಿರುವು ಕೊಟ್ಟು, ಅಲ್ಲಿ ಬಟ್ಟೆಯ ಬುಟ್ಟಿ ಇಳಿಸುವಷ್ಟು ಚೌಕ ಮಾಡಿದೆವು. ಕೆಳಗಿನ 6 ಮೆಟ್ಟಿಲು ಕಾಡುಕಲ್ಲು, ಮೇಲಿನವು ಚಿರೆಕಲ್ಲು. ಪ್ರತಿ ಮೆಟ್ಟಿಲೂ ಮುಂದಕ್ಕೆ ಅರ್ಧ ಅಂಗುಲ ಇಳಿಜಾರು, ಇಲ್ಲದಿದ್ದರೆ ನೀರು ನಿಂತು ಹಾವಸೆ (ಪಾಚಿ) ಕಟ್ಟುತ್ತದೆ. ಕಟ್ಟದೆ ಬಿಡಲಿಲ್ಲ ಅನ್ನಿ, ಆದರೂ ಕಡಿಮೆ. ಹಾವಸೆಗೆ ಬ್ಲೀಚಿಂಗ್ ಪುಡಿ ಹಾಕೋಣವೆಂದರೆ ಮೀನು ಸಾಯುತ್ತದೆ ಎಂದು ಆಯಿ ಗದರಿದಳು. ಮರಳು ಚೆಲ್ಲಿ ತೆಂಗಿನ ಹಿಡಿಯಿಂದ (ಪೊರಕೆಯಿಂದ) ತಿಕ್ಕುತ್ತೇವೆ, ಮಳೆಗಾಲದಲ್ಲಿ ಎಂಟು ದಿನಕ್ಕೊಮ್ಮೆ.

ಲಾವಂಚದ್ದು ಇನ್ನೊಂದು ಅವಾಂತರ. ಬೇರು ಮಣ್ಣು ಹಿಡಿಯಲಿ ಎಂದು ಧರೆಯ ತಲೆಯ ಮೇಲೆ ಎರಡು ಸಾಲು ನೆಡಲು ಭಾವನ ಮನೆಯಿಂದ 300 ಬುಡ ತಂದು ಮಾರ್ಚಿನಲ್ಲೇ ನೆಟ್ಟೆ. ನೀರು ಹಾಕಲು ಮರೆತದ್ದು ನಾಲ್ಕೇ ದಿನ. ಅರ್ಧಕ್ಕಿಂತ ಹೆಚ್ಚು ಒಣಗಿದವು, ಉಳಿದದ್ದರಲ್ಲಿ ಒಂದು ಸಾಲನ್ನು ಹಂದಿ ಕೆದರಿ ಹಾಕಿತು. ಜೂನಿನಲ್ಲಿ ಮತ್ತೆ ತಂದು ನೆಟ್ಟಿದ್ದೇನೆ. ಮೊದಲೇ ಜೂನಿಗೆ ಕಾಯಬಹುದಿತ್ತು.

ಏಪ್ರಿಲ್ 2025: ಸಂಕ

ನೆರೆಯ ಮಟ್ಟವನ್ನು ಈ ಸಲ ಕೇಳಿ ತಿಳಿದೆ. 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದರೆ ಆಯಿ ಯೋಚಿಸದೆ ಹೆಬ್ಬಲಸಿನ ಮರದ ಗಂಟು ತೋರಿಸಿದಳು. ನೀರು ತುಂಬಿದ ಕೊಳವೆ ಹಿಡಿದು ಆ ಮಟ್ಟವನ್ನು ಸಂಕದ ಜಾಗಕ್ಕೆ ತಂದರೆ ತಳದಿಂದ 6 ಅಡಿ 2 ಅಂಗುಲ. ಹಾಗಾಗಿ ಸಂಕದ ಅಡಿ ಏಳೂವರೆ ಅಡಿಯಲ್ಲಿರಲಿ ಎಂದು ನಿರ್ಧರಿಸಿದೆ. ದಿಮ್ಮಿ ತೇಲಿ ಹೋಗಲು ಒಂದು ಅಡಿ ಮೇಲಾದರೂ ಜಾಗ ಬೇಕು.

ಅಲ್ಲಿ ಹಳ್ಳದ ಅಗಲ 13 ಅಡಿ. 5 ಅಂಗುಲದ ಎರಡು ಕಬ್ಬಿಣದ ಸಿ-ಚಾನೆಲ್ (ಇಂಗ್ಲಿಷ್ C ಆಕಾರದ ತೊಲೆ), ತಲಾ 20 ಅಡಿ, ಒಂದೊಂದೂ 80 ಕಿಲೊ. ಎರಡೂ ದಡದ ಮೇಲೆ ಮೂರೂವರೆ ಅಡಿ ಕೂತಿದೆ. ಕೂರಿಸಿರುವುದೂ ಒಣ ಕಲ್ಲಿನ ಕಟ್ಟೆಯ ಮೇಲೆಯೇ. ಮೇಲೆ ದಬ್ಬೆಯ ಬದಲು ಕಬ್ಬಿಣದ ಜಾಲರಿ: ನೀರು ಮೇಲೆ ಬಂದರೂ ನಡುವಿನಿಂದ ಹೋಗಲಿ, ಕಾಲೂ ಜಾರದಿರಲಿ ಎಂದು. ಸಾಗಿಸುವಾಗ ಎರಡನೆಯ ಚಾನೆಲ್ ಹಗ್ಗದಿಂದ ನುಣುಚಿ ಮೂತಿ ಕೆಳಗಾಗಿ ಹಳ್ಳಕ್ಕೆ ಬಿತ್ತು. ಎಲ್ಲರೂ ಮೇಲಿನ ಕಡೆ ನಿಂತಿದ್ದರಿಂದ ಯಾರಿಗೂ ಏನಾಗಲಿಲ್ಲ. ನೈಲಾನ್ ಹಗ್ಗ ಒದ್ದೆಯಾದರೆ ಕಬ್ಬಿಣದ ಮೇಲೆ ಗಂಟು ನಿಲ್ಲುವುದಿಲ್ಲ. ಆಮೇಲೆ ಭಾರ ಎತ್ತುವ ಚೈನ್ ಬ್ಲಾಕ್ ಬಾಡಿಗೆಗೆ ತಂದು ಮೇಲೆತ್ತಿದೆವು.

ಈಚೆ ದಡದ ತುದಿಯನ್ನು ಸರಪಳಿಯಿಂದ ಹೆಬ್ಬಲಸಿನ ಬುಡಕ್ಕೆ ಸಡಿಲವಾಗಿ ಕಟ್ಟಿದೆ. ಮರದ ತೊಗಟೆ ಕತ್ತರಿಸದಿರಲಿ ಎಂದು ಹಳೆಯ ಟೈರಿನ ತುಂಡು ಸುತ್ತಿದ್ದೇನೆ. ಆಚೆ ತುದಿಗೆ ಏನನ್ನೂ ಕಟ್ಟಿಲ್ಲ. ನೆರೆ ಸಂಕವನ್ನು ಎತ್ತಿದರೆ ಅದು ತೇಲಿಹೋಗದೆ ತಿರುಗಿ ನಮ್ಮ ದಡಕ್ಕೇ ಬಂದು ಒರಗಬೇಕು ಎಂಬುದು ಲೆಕ್ಕ.

ಖರ್ಚು

ಮೊದಲ ಸಲ: ಚಿರೆಕಲ್ಲು 320ಕ್ಕೆ ತಲಾ 46ರಂತೆ 14,720, ಸಿಮೆಂಟ್ 24 ಚೀಲ 9,600, ಮರಳು ಮತ್ತು ಜಲ್ಲಿ 11,000, ಕೂಲಿ 32,200. ಒಟ್ಟು 67,520 ರೂಪಾಯಿ.

ಎರಡನೆಯ ಸಲ: ಕಾಡುಕಲ್ಲು 18,000, ಮೇಸ್ತ್ರಿಗೆ 19 ದಿನಕ್ಕೆ 20,900, ಇಬ್ಬರು ಸಹಾಯಕರಿಗೆ 26,600, ಜಲ್ಲಿ 5,000, ಚಾನೆಲ್ 10,880, ಜಾಲರಿ ಮತ್ತು ವೆಲ್ಡಿಂಗ್ 9,500, ಸರಪಳಿ ಮತ್ತು ಬೋಲ್ಟು 1,900. ಒಟ್ಟು 92,780 ರೂಪಾಯಿ.

ಎರಡೂ ಸೇರಿ 1,60,300. ಅಗಳ ಮುಚ್ಚಿಸಿ ಮತ್ತೆ ತೆಗೆಸಿದ ಹಣ, ಪಂಪು ಮತ್ತು ಚೈನ್ ಬ್ಲಾಕಿನ ಬಾಡಿಗೆ, ಲಾವಂಚಕ್ಕೆ ಓಡಾಡಿದ ಪೆಟ್ರೋಲು ಇದರಲ್ಲಿಲ್ಲ. ಹೊರಲು ನಾನೂ ಕೈಹಾಕಿದ್ದಕ್ಕೆ ಸೊಂಟ ನೋವಿನ ಔಷಧಿಯೂ ಇಲ್ಲ.

ಅಕ್ಟೋಬರ್ 2025

ಒಂದು ಮಳೆಗಾಲ ಕಳೆದಿದೆ. ಜುಲೈಯಲ್ಲಿ ಜೋರು ಮಳೆ ಸುರಿದ ದಿನ ಗೋಡೆಯ ಎದುರು ನಿಂತು ನೋಡಿದೆ. ಸಂದು ಸಂದಿನಲ್ಲೂ ನೀರು ಒಸರುತ್ತಿತ್ತು, ತಿಳಿಯಾದ ನೀರು. ಕೆಂಪು ನೀರು ಬಂದರೆ ಮಣ್ಣು ಹೋಗುತ್ತಿದೆ ಎಂದು ಮೇಸ್ತ್ರಿ ಹೇಳಿದ್ದರು, ಹಾಗಾಗಿ ಅಂಗೈಯಲ್ಲಿ ಹಿಡಿದು ನೋಡುತ್ತಿದ್ದೆ. ದಾರ ಕಟ್ಟಿ ತಿಂಗಳಿಗೊಮ್ಮೆ ಅಳೆದಿದ್ದೇನೆ. ಒಂದು ಕಡೆ ಕಾಲು ಅಂಗುಲ ಹೊರಗೆ ಬಂದಿದೆ, ಪಾಯ ಹೆಚ್ಚು ಆಳಕ್ಕೆ ಇಳಿಸಿದ ಆ 6 ಅಡಿಯ ಜಾಗದಲ್ಲೇ. ಕೂತುಕೊಳ್ಳುತ್ತಿದೆ, ಹೆದರಬೇಡಿ ಎಂದು ಮೇಸ್ತ್ರಿ ಹೇಳಿದ್ದಾರೆ. ನಾನು ಹೆದರಿಕೊಂಡೇ ಇದ್ದೇನೆ.

ನೀರು ಈ ವರ್ಷ ಐದು ಅಡಿ ದಾಟಲಿಲ್ಲ, ಆದ್ದರಿಂದ ಸರಪಳಿಯ ಲೆಕ್ಕ ಸರಿಯೋ ತಪ್ಪೋ ಪರೀಕ್ಷೆಯಾಗಿಲ್ಲ. ಕೊನೆಯ ಮೆಟ್ಟಿಲು ಒಂದೂವರೆ ಅಂಗುಲ ಜರುಗಿದೆ, ನೀರು ಇಳಿದ ಮೇಲೆ ಎತ್ತಿ ಕೂರಿಸಬೇಕು. ಜಾಲರಿಗೆ ಬಣ್ಣ ಒಂದೇ ಕೋಟು ಹೊಡೆದಿದ್ದರಿಂದ ಬೆಸುಗೆಯ ಜಾಗದಲ್ಲಿ ತುಕ್ಕು ಕಾಣಿಸಿಕೊಂಡಿದೆ. ಅಗಳದಲ್ಲಿ ತರಗೆಲೆ ತುಂಬುತ್ತದೆ, ಮಳೆಗಾಲದಲ್ಲಿ ಎರಡು ಸಲ ಎಳೆಯಬೇಕಾಯಿತು.

ಉಳಿದದ್ದು ಬಟ್ಟೆ ಒಗೆಯುವ ಕಲ್ಲು. ನೆರೆಗೆ ಹೂತು ಹೋಗಿದ್ದ ಹಳೆಯ ಕಲ್ಲನ್ನೇ ಮೂವರು ಸೇರಿ ಹಾರೆ ಕೊಟ್ಟು ಎತ್ತಿ ಕೊನೆಯ ಮೆಟ್ಟಿಲಿನ ಪಕ್ಕ ಇಟ್ಟೆವು. ನಾನೇ ರಸಮಟ್ಟ ಹಿಡಿದು ನೋಡಿದ್ದೆ, ಗುಳ್ಳೆ ಸರಿಯಾಗಿ ನಡುವೆ ಇತ್ತು. ಆಯಿ ಒಂದು ಸೀರೆ ಬಡಿದು ನೋಡಿ, ಅಲ್ಲಾಡುತ್ತದೆ ಎಂದಳು. ನಾನು ಒಂದು ಚಕ್ಕೆ ತುರುಕಿದೆ. ಮರುದಿನ ನೋಡಿದರೆ ಚಕ್ಕೆ ಪಕ್ಕದಲ್ಲಿ ಬಿದ್ದಿತ್ತು, ನಾನು ಹೊರಗಿನಿಂದ ತುರುಕಿದ್ದೆ. ಬರುವ ವಾರ ಮತ್ತೆ ಮೂರು ಜನ ಬೇಕು.